ಅಜ್ಜಿಯ ಕರಡಿಗೆ, ನಂದಿತಾಳ ಕನ್ನಡಕ

ನಿನ್ನೆ ಬೆಳಗ್ಗೆಯಿಂದ ಸುತ್ತೂರಿನ ಪುಟ್ಟಬಸಮ್ಮನ ಗಂಟಲಿಗೆ ಒಂದು ತೊಟ್ಟು ನೀರೂ ಇಳಿದಿರಲಿಲ್ಲ. ಕಪಿಲೆಯಲ್ಲಿ ಮುಳುಗು ಹಾಕಿ ಏಳುವಾಗ ಕೊರಳಿನ ಶಿವದಾರ ಕಿತ್ತುಹೋಗಿ, ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ ನೀರಿಗೆ ಜಾರಿತ್ತು. ಲಿಂಗಪೂಜೆಯಾಗದೆ ಬಾಯಿಗೆ ಏನನ್ನೂ ಹಾಕಿದವರಲ್ಲ. ಹುಡುಕಲು ನದಿಗಿಳಿದ ಊರವರೆಲ್ಲ ಕಾಲಲ್ಲಿ ತಡಕಾಡಿ ಸೋತು ಬಂದಿದ್ದರು.

"ಐನೋರತ್ರ ಬೇರೆ ಲಿಂಗ ಕಟ್ಟಿಸ್ಕಳಿ ಅತ್ತೆ," ಎಂದು ನದಿಯ ಮೆಟ್ಟಿಲ ಮೇಲೆ ಕೂತಿದ್ದ ಅವರನ್ನು ಸೊಸೆ ಅಂಗಲಾಚಿದಳು.

"ಎಂಟು ವರ್ಸದವಳಿದ್ದಾಗ ಗುರುಗಳು ಅಂಗೈಲಿಟ್ಟದ್ದು ಕಣವ್ವ. ಅದು ಸಿಗಗಂಟ ನಂಗೇನೂ ಬ್ಯಾಡ."

ಮೊಮ್ಮಗಳು ನಂದಿತಾಳ ಬ್ಯಾಗಿನಲ್ಲಿ ಹೋದ ವಾರ ನಂಜನಗೂಡಿನಲ್ಲಿ ಕೊಂಡ ಈಜುವ ಕನ್ನಡಕವಿತ್ತು. ನೀರಿನ ತಳದಲ್ಲಿ ದೀಪಗಳು ಉರಿಯುವ ಊರೊಂದು, ದೀಪದೂರು, ಇದೆ ಎಂಬ ಅಜ್ಜಿಯ ಕತೆ ಕೇಳಿ ಬೆಳೆದವಳು. ಅದನ್ನೊಮ್ಮೆ ಕಣ್ಣಾರೆ ನೋಡುವ ಆಸೆಗೇ ಕೊಂಡಿದ್ದಳು. ಬೆಲೆಯ ಚೀಟಿ ಇನ್ನೂ ಕಿತ್ತಿರಲಿಲ್ಲ.

ಎದೆಮಟ್ಟದ ನೀರಿಗಿಳಿದು ಮುಳುಗಿದರೆ ಕ್ಷಣದಲ್ಲೇ ಗಾಜೆಲ್ಲ ಮಂಜು. ಕಣ್ಣಿಗೆ ನೀರೂ ನುಗ್ಗಿತು. ಮೇಲೆ ಬಂದು ಸೋಸಲೆಯ ಗೆಳತಿ ಇಂದ್ರಾಣಿಗೆ ಫೋನ್ ಮಾಡಿದಳು. ಅಂಥದೇ ಕನ್ನಡಕ ಕೊಂಡು ತಿಂಗಳಿಂದ ಕಾವೇರಿಯಲ್ಲಿ ಈಜುತ್ತಿದ್ದವಳು ಅವಳು.

"ಬರೀ ಪಟ್ಟಿ ಬಿಗಿದ್ರೆ ನೀರು ನಿಲ್ಲಲ್ಲ ಕಣೇ. ಕಣ್ಣಿಗೆ ಒತ್ತಿ ಗಾಳಿ ತೆಗಿ, ಆಮೇಲೆ ಪಟ್ಟಿ. ಕೂದ್ಲು ಸಿಕ್ಕಾಕೊಂಡಿದ್ಯಾ ನೋಡು. ಹರಿವಿಗೆ ಮುಖ ಮಾಡಿ ನಿಂತ್ಕೊ, ಕದಡಿದ ಮಣ್ಣು ಹಿಂದಕ್ಕೆ ಹೋಗ್ಬಿಡುತ್ತೆ. ಮಂಜಿಗೆ, ಗಾಜಿನೊಳಗೆ ಉಗಿದು ಉಜ್ಜಿ ಒಂದು ಸಲ ಜಾಲಾಡ್ಸು."

"ಉಗಿಯೋದಾ!" ನಂದಿತಾ ಮೆಟ್ಟಿಲ ಕಡೆ ನೋಡಿದಳು. ಎಂಜಲು ಹಚ್ಚಿದ ಕನ್ನಡಕದಲ್ಲಿ ಲಿಂಗ ಹುಡುಕುವುದು ಹೇಗೆ?

ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಪುಟ್ಟಬಸಮ್ಮ ಒಣಗಿದ ತುಟಿಯಲ್ಲೇ ಗದರಿದರು: "ಲಿಂಗಕ್ಕೆ ಎಂಜಲಿನ ಸೂತಕ ಇಲ್ಲ ಅಂತ ನಿಂಗೆ ಎಷ್ಟ್ ಸಲ ಯೋಳಿವ್ನಿ? ಉಗಿಯೇ!"

ಉಗಿದಳು. ಒತ್ತಿದಳು. ಮುಳುಗಿದಳು.

ಅಬ್ಬಾ! ಬಿಸಿಲು ನೀರಿನೊಳಗೆ ಬಲೆ ನೇಯುತ್ತಿತ್ತು. ಬಂಗಾರದ ಆ ಬಲೆ ಮರಳ ಮೇಲೆ ಅಲುಗಾಡುತ್ತ ಒಂದು ಗಳಿಗೆಯೂ ನಿಲ್ಲದು. ಮರಳು ಕಾಳುಕಾಳಾಗಿ ನಡೆಯುತ್ತಿತ್ತು, ಸದ್ದಿಲ್ಲದೆ, ಎಲ್ಲಿಗೋ ಹೊರಟ ಜಾತ್ರೆಯ ಜನದಂತೆ. ಹಸಿರು ಬಳೆಚೂರೊಂದು ದೀಪವಾಗಿ ಉರಿಯುತ್ತಿತ್ತು. ಉಗುರಿನಷ್ಟು ಮೀನುಗಳು ಬಂದು ಅವಳ ಗಾಜಿನೆದುರೇ ನಿಂತು, ಇವಳ್ಯಾರು ಎಂಬಂತೆ ನೋಡಿದವು. ದೀಪದೂರು! ಹುಡುಕಲು ಬಂದದ್ದೇ ಮರೆತುಹೋಯಿತು. ಉಸಿರು ಕಟ್ಟಿದಾಗ ಮೇಲೆದ್ದು, ಮೆಟ್ಟಿಲ ಮೇಲೆ ಮುದುಡಿದ ಅಜ್ಜಿಯನ್ನು ಕಂಡು, ನಾಚಿ ಮತ್ತೆ ಮುಳುಗಿದಳು.

ಮೂರನೇ ಸಲ ಕೊನೆಯ ಮೆಟ್ಟಿಲಿನ ಕಲ್ಲಸಂದಿನಲ್ಲಿ ಬಿಳಿಯ ದಾರವೊಂದು ಕೈಬೀಸಿ ಕರೆಯುವಂತೆ ತೂಗುತ್ತಿತ್ತು. ಕೈಹಾಕಿದಳು. ತಣ್ಣಗೆ, ಮೊಟ್ಟೆಯಂತೆ, ಕರಡಿಗೆ ಅಂಗೈಗೆ ಬಂತು.

ಪುಟ್ಟಬಸಮ್ಮ ಅಲ್ಲೇ ಎಡಗೈಯಲ್ಲಿ ಲಿಂಗವಿಟ್ಟು ನೀರೆರೆದು, ವಿಭೂತಿ ಧರಿಸಿ, ಪೂಜೆ ಮುಗಿಸಿ ತೀರ್ಥ ಕುಡಿದರು. ಎರಡು ದಿನದ ಬಾಯಾರಿಕೆಗೆ ಒಂದು ಗುಟುಕು. ಸೊಸೆ ಕಣ್ಣೊರೆಸಿಕೊಂಡು ಹಾಲು ತರಲು ಓಡಿದಳು.

"ಏನ್ ಕಂಡೆ ಮಗ ಒಳಗೆ?" ಎಂದರು ಅಜ್ಜಿ.

ನಂದಿತಾ ಕನ್ನಡಕ ಕಳಚಿ ಅಜ್ಜಿಯ ಮುಂದೆ ಹಿಡಿದಳು.

"ಕೊಡಿಲ್ಲಿ ಅದ." ಅಜ್ಜಿ ತಾವೇ ಗಾಜಿಗೆ ಉಗಿದು, ಉಜ್ಜಿ, ಜಾಲಾಡಿಸಿ, ಕಣ್ಣಿಗೆ ಒತ್ತಿಕೊಂಡರು. ಮೊಮ್ಮಗಳು ಪಟ್ಟಿಗೆ ಸಿಕ್ಕಿದ ನರೆಗೂದಲು ಬಿಡಿಸಿ ಸೊಂಟ ಹಿಡಿದಳು. ಮೆಟ್ಟಿಲ ಮೇಲೆ ಮಂಡಿಯೂರಿ ಮುಖ ಅದ್ದಿದ ಮುದುಕಿ ಬಹಳ ಹೊತ್ತು ಏಳಲೇ ಇಲ್ಲ.

ಎದ್ದಾಗ ಗಲ್ಲದಿಂದ ನದಿ ತೊಟ್ಟಿಕ್ಕುತ್ತಿತ್ತು.

"ಇಷ್ಟು ವರ್ಸ ನಿಂಗೆ ದೀಪದೂರಿನ ಕತೆ ಯೋಳಿದ್ದು," ಎಂದರು ಮೆಲ್ಲಗೆ, "ಬಾಳ ಕಮ್ಮಿ ಆಯ್ತು ಕಣವ್ವ."