ಎದುರುಬದುರು ಎಲೆಗಳು

ಇಪ್ಪತ್ತೈದನೆಯ ಎಲೆ ಬಲಕ್ಕೆ ಬಾಗಿತ್ತು. ಟೈಲರಮ್ಮ ಸ್ಟೂಲಿನ ಮೇಲೆ ನಿಂತೇ ಅದನ್ನು ತಿರುಗಿಸಿ ನೋಡಿದಳು, ತಲೆಕೆಳಗು ಮಾಡಿ ನೋಡಿದಳು. ಊಹೂಂ. ಗೋಡೆಗೆ ಆಗಲೇ ಅಂಟಿಸಿದ್ದ ಇಪ್ಪತ್ತನಾಲ್ಕು ಅಂಟುಹಾಳೆಯ ಎಲೆಗಳೂ ಎಡಕ್ಕೆ ಬಾಗಿದ್ದವು. ಇದೊಂದು ಮಾತ್ರ ಹಟ ಹಿಡಿದಿತ್ತು.

"ಅತ್ತೆ, ಇನ್ನೊಂದು ಕೊಡಿ."

ಬಚ್ಚಲ ಬಾಗಿಲಾಚೆ ಕುರ್ಚಿ ಹಾಕಿಕೊಂಡು, ಎಲೆಗಳ ಬೆನ್ನಿನ ಕಾಗದವನ್ನು ಉಗುರಿನಿಂದ ಬಿಡಿಸುತ್ತಿದ್ದ ಅತ್ತೆ ಇನ್ನೊಂದು ಕೊಟ್ಟರು. ಅದೂ ಬಲಕ್ಕೆ. ಮತ್ತೊಂದು. ಅದೂ ಬಲಕ್ಕೇ.

"ಅಯ್ಯೋ, ಕೆಟ್ಟೆ!" ಎಂದು ಟೈಲರಮ್ಮ ಸ್ಟೂಲಿನ ಮೇಲೇ ಕುಸಿದು ಕೂತಳು. "ಮಡಚಿ ಕತ್ತರಿಸಿಬಿಟ್ಟಿದೀನಿ ಅತ್ತೆ."

ಹದಿನೆಂಟು ವರ್ಷ ಬಟ್ಟೆ ಕತ್ತರಿಸಿದ ಕೈ ಅದು. ಎರಡಾಗಿ ಮಡಚು, ಚಾಕ್‌ನಲ್ಲಿ ಗೆರೆ ಎಳೆ, ಕತ್ತರಿ ಆಡಿಸು. ಎಡತೋಳೂ ಬಲತೋಳೂ ಒಟ್ಟಿಗೇ ಕೈಗೆ ಬರುತ್ತವೆ. ನೀರಿಗೆ ಜಗ್ಗದ ಅಂಟುಹಾಳೆಯ ಸುರುಳಿಯನ್ನೂ ಅವಳು ಬ್ಲೌಸ್‌ಪೀಸ್ ಎಂದೇ ತಿಳಿದಿದ್ದಳು ಅಂತ ಕಾಣುತ್ತದೆ. ಮೇಲಿನವನ್ನೆಲ್ಲ ಒಂದು ಕಟ್ಟು, ಕೆಳಗಿನವನ್ನೆಲ್ಲ ಇನ್ನೊಂದು ಕಟ್ಟು ಮಾಡಿ ದಾರ ಸುತ್ತಿಯೂ ಇಟ್ಟಿದ್ದಳು. ಎಂಥ ಅಚ್ಚುಕಟ್ಟು! ಈಗ ಮೊದಲ ಕಟ್ಟು ಮುಗಿದಿತ್ತು. ಎರಡನೆಯ ಕಟ್ಟನ್ನು ಮಗುಚಿ ಅಂಟಿಸೋಣವೆಂದರೆ ಅಂಟು ಇರುವುದು ಒಂದೇ ಮಗ್ಗುಲಿಗೆ. ಹಾಳೆಯೋ, ಒಂದು ಚೂರೂ ಉಳಿದಿರಲಿಲ್ಲ. ಇನ್ನೊಂದು ಸುರುಳಿ ತರುವುದಕ್ಕೆ ದುಡ್ಡೂ ಇರಲಿಲ್ಲ, ಹೊತ್ತೂ ಇರಲಿಲ್ಲ. ನಾಲ್ಕು ಗಂಟೆಗೆ ನಾದಿನಿ ಬರುವವಳಿದ್ದಳು.

ಇಷ್ಟೆಲ್ಲ ಸಡಗರ ಅವಳಿಗಾಗಿಯೇ. ಹೋದ ವರ್ಷ ಒಂದು ವಾರ ಇರುತ್ತೇನೆಂದು ಬಂದವಳು ಹಾಲ್ ಪಕ್ಕದ ಈ ಬಚ್ಚಲಿಗೆ ಸ್ನಾನಕ್ಕೆ ಹೋಗಿದ್ದಳು. ತೇವಕ್ಕೆ ಉಬ್ಬಿದ್ದ ಗೋಡೆಯಿಂದ ಅಂಗೈಯಗಲದ ಗಾರೆ ಕಳಚಿ ಬಕೆಟ್ಟಿನೊಳಕ್ಕೇ ಬಿದ್ದಿತ್ತು. ಅವಳೇನೂ ಅನ್ನಲಿಲ್ಲ, ಪಾಪ. ಆಫೀಸ್ ಕೆಲಸಕ್ಕೆ ಅನುಕೂಲ ಎಂದು ಹೇಳಿ ಸಂಜೆಯೇ ಲಾಡ್ಜಿಗೆ ಹೋದಳು. ಆರು ದಿನ ಹಗಲು ಬಂದು ಹೋದಳು, ಒಂದು ರಾತ್ರಿಯೂ ಉಳಿಯಲಿಲ್ಲ. ಮಗಳ ಹಾಸಿಗೆಯನ್ನು ತಮ್ಮ ಮಂಚದ ಪಕ್ಕದಲ್ಲೇ ಹಾಸಿಟ್ಟಿದ್ದ ಅತ್ತೆ ಏಳನೆಯ ದಿನ ಅದನ್ನು ಸುತ್ತಿ ಅಟ್ಟಕ್ಕೆ ಹಾಕಿಸಿದರು. ಟೈಲರಮ್ಮನಿಗೆ ಅದು ಚುಚ್ಚಿತ್ತು.

ಟೈಲರಮ್ಮನ ಗಂಡನೋ, "ಮೇಸ್ತ್ರೀನ ಕರೆಸೋಣ, ಕರೆಸೋಣ" ಎನ್ನುತ್ತಲೇ ವರ್ಷ ಕಳೆದ. ಅವನು ನಾಲ್ಕು ದಿನದ ಡ್ಯೂಟಿಗೆ ಆಚೆ ಕಾಲಿಟ್ಟದ್ದೇ ತಡ, ಅತ್ತೆ-ಸೊಸೆ ಸೆರಗು ಕಟ್ಟಿ ನಿಂತರು. ಗೋಡೆ ಕೆರೆದರು, ಪುಟ್ಟಿ ಬಳಿದರು, ಉಜ್ಜಿದರು. ಗೇಟಿಗೆ ಬಳಿದು ಉಳಿದಿದ್ದ ಕಡುಹಸಿರು ಬಣ್ಣವನ್ನು ಬಾಗಿಲೆದುರಿನ ಗೋಡೆಗೆ ಎರಡು ಸಲ ಹೊಡೆದರು. ತಾರಸಿಯ ನೀರಿನ ತೊಟ್ಟಿಯಿಂದ ಇಳಿದು ಗೋಡೆಯ ನಟ್ಟನಡುವೆ ನಿಂತಿದ್ದ ದಪ್ಪ ಪೈಪಿಗೂ ಅದೇ ಬಣ್ಣ ಮೆತ್ತಿದರು. ಆ ಹಸಿರಿನ ಮೇಲೆ ಬಿಳಿ ಎಲೆಗಳು ಬಂದರೆ, ಮೊಬೈಲಿನಲ್ಲಿ ನೋಡಿದ ಗೋಡೆಯ ಹಾಗೇ!

"ಇಪ್ಪತ್ನಾಕನ್ನೂ ಕಿತ್ತುಬಿಡ್ತೀನಿ," ಎಂದಳು ಟೈಲರಮ್ಮ. "ಬರೀ ಹಸಿರೇ ಇರಲಿ. ಇಲ್ದಿದ್ರೆ ಅರ್ಧ ಗೋಡೆ ಬೋಳು, ಅರ್ಧ ಗೋಡೆ ಕಾಡು ಅಂತ ನಗಾಡ್ತಾಳೆ."

"ಕಿತ್ರೆ ಬಣ್ಣಾನೂ ಬರತ್ತೆ ಕಣೇ, ಸುಮ್ನಿರು."

"ಮತ್ತೇನ್ ಮಾಡ್ಲಿ ಅತ್ತೆ? ನಂಗೆ ಅಳು ಬರ್ತಿದೆ."

"ಅಳೋದಾದ್ರೆ ಸ್ಟೂಲಿಂದ ಇಳಿದು ಅಳು. ಬಿದ್ಗಿದ್ದೀಯ."

ಅಷ್ಟರಲ್ಲಿ ಫೋನ್ ಬಂತು. ಅತ್ತೆ ಎತ್ತಿದರು, ಹ್ಞೂಂ ಹ್ಞೂಂ ಎಂದರು, ಇಟ್ಟರು. ಮುಖ ಅರಳಿಹೋಗಿತ್ತು, ಮರುಕ್ಷಣವೇ ಗಾಬರಿಯಾಯಿತು.

"ಬೇಗ ಬಂದ್ಬಿಟ್ಟಿದಾಳಂತೆ. ಆಟೋ ಹತ್ತಿದಾಳೆ. ಅರ್ಧ ಗಂಟೆ!" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಲಾಡ್ಜಲ್ಲಿ ರೂಮ್ ಹೇಳಿದಾಳಂತೆ. ಮೊದ್ಲು ನನ್ನ ನೋಡ್ಕೊಂಡು ಆಮೇಲೆ ಹೋಗ್ತಾಳಂತೆ."

ಅತ್ತೆ ಕೈಯಲ್ಲಿದ್ದ ಎಲೆಯನ್ನು ನೋಡಿದರು, ಗೋಡೆಯನ್ನು ನೋಡಿದರು. ಕುರ್ಚಿಯ ಹಿಡಿ ಹಿಡಿದು ಎದ್ದು ಒಳಗೆ ಬಂದು, ಆ ಎಲೆಯನ್ನು ಪೈಪಿನ ಎಡಗಡೆ ಒತ್ತಿ ಹಿಡಿದರು. ಪೈಪಿನ ಬಲಗಡೆಯ ಎಲೆ ಇದರತ್ತ ಬಾಗಿತ್ತು. ಇದು ಅದರತ್ತ ಬಾಗಿತು.

"ನೋಡೇ, ಎದುರುಬದುರು ಕೂತು ಮಾತಾಡ್ತಿರೋ ಹಾಗಿಲ್ವಾ?"

ಟೈಲರಮ್ಮನ ಕಣ್ಣು ಅಗಲವಾಯಿತು. ಬಲ ಮೂಲೆಯಿಂದ ಶುರುಮಾಡಿದ ಅವಳ ಇಪ್ಪತ್ತನಾಲ್ಕು ಎಲೆಗಳು ಸರಿಯಾಗಿ ಪೈಪಿಗೆ ಬಂದು ನಿಂತಿದ್ದವು. ಇನ್ನು ಅರ್ಧ ಗೋಡೆ ಬಾಕಿ. ಇನ್ನು ಅರ್ಧದಷ್ಟು ಎಲೆಗಳು ಬಾಕಿ.

"ಅತ್ತೆ! ಇದು ಬ್ಲೌಸಿನ ಎರಡು ಮುಂಭಾಗ! ಪೈಪೇ ಬಟನ್ ಪಟ್ಟಿ!" ಎಂದು ಕಿರುಚಿ ಅತ್ತೆಯ ಕೆನ್ನೆಗೆ ಮುತ್ತು ಕೊಟ್ಟೇಬಿಟ್ಟಳು. ಆ ಮನೆಗೆ ಬಂದ ಮೇಲೆ ಅದೇ ಮೊದಲು. ಅತ್ತೆ "ಥೂ, ಬಣ್ಣ ಬಣ್ಣ" ಎಂದು ಕೆನ್ನೆ ಒರೆಸಿಕೊಂಡರು, ನಗು ಮಾತ್ರ ಒರೆಸಿಹೋಗಲಿಲ್ಲ.

ಆಮೇಲೆ ನೋಡಬೇಕಿತ್ತು ಅವರ ಆಟ! ಅತ್ತೆ ಕಾಗದ ಬಿಡಿಸುವುದು, ಸೊಸೆ ಅಂಟಿಸುವುದು. "ಮೇಲೆ, ಇನ್ನೊಂಚೂರು ಮೇಲೆ... ಅಯ್ಯೋ ಅಷ್ಟಲ್ಲ!" "ಅತ್ತೆ, ನೀವು ಮೇಸ್ತ್ರಿ ಆಗ್ಬೇಕಿತ್ತು." "ಆಗಿದ್ರೆ ನಿನ್ನಂಥ ಕೂಲಿಯಾಳನ್ನ ಇಟ್ಕೋತಿರಲಿಲ್ಲ." ನಲವತ್ತೆಂಟನೆಯ ಎಲೆಯ ಮೇಲೆ ಬಟ್ಟೆಯುಂಡೆ ಒತ್ತಿ ಗಾಳಿಗುಳ್ಳೆ ತೆಗೆಯುತ್ತಿದ್ದಾಗ ಆಟೋ ಸದ್ದು ಕೇಳಿಸಿತು. ಸ್ಟೂಲು ಅಡುಗೆಮನೆಗೆ ಓಡಿತು, ಚೂರು ಕಾಗದವೆಲ್ಲ ಟೈಲರಮ್ಮನ ಸೆರಗಿನೊಳಗೆ ಹೋಯಿತು.

ನಾದಿನಿ ಕೈಚೀಲವನ್ನಷ್ಟೇ ಹಿಡಿದು ಬಂದಳು. ಸೂಟ್‌ಕೇಸು ಆಟೋದಲ್ಲೇ ಇತ್ತು, ಆಟೋ ಗೇಟಿನಾಚೆ ನಿಂತೇ ಇತ್ತು.

"ಐದೇ ನಿಮಿಷ ಅಮ್ಮ, ಧೂಳು ಧೂಳಾಗಿದೀನಿ. ರೂಮಿಗೆ ಹೋಗಿ ಸ್ನಾನ ಮಾಡಿ ಸಂಜೆ ಬರ್ತೀನಿ. ಅತ್ತಿಗೆ, ಕೈಕಾಲು ತೊಳೀಲಾ?"

"ತೊಳಿ," ಎಂದಳು ಟೈಲರಮ್ಮ.

ಬಚ್ಚಲ ಬಾಗಿಲು ಮುಚ್ಚಿತು. ದೀಪ ಹೊತ್ತಿತು. ನಲ್ಲಿಯ ಸದ್ದು ಮಾತ್ರ ಇಲ್ಲ. ಅತ್ತೆ ಸೊಸೆಯ ಮುಂಗೈ ಹಿಡಿದುಕೊಂಡರು, ಆ ವಯಸ್ಸಿನ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ.

"ಎಲೆ ಏನಾದ್ರೂ ಬಿತ್ತೇನೇ?"

"ಬಾಯಿ ಮುಚ್ಕೊಳಿ ಅತ್ತೆ," ಎಂದುಬಿಟ್ಟಳು ಸೊಸೆ. ಅತ್ತೆ ಮುಚ್ಚಿಕೊಂಡರು.

ಹೊರಗೆ ಆಟೋದವನು ಹಾರನ್ ಒತ್ತಿದ. ಒಳಗೆ ಬಕೆಟ್ ಎಳೆದ ಸದ್ದಾಯಿತು. ನಲ್ಲಿ ತಿರುಗಿತು, ನೀರು ಜೋರಾಗಿ ಬೀಳತೊಡಗಿತು. ಕೈಕಾಲಿಗೆ ಇಷ್ಟು ನೀರು ಯಾರಿಗೂ ಬೇಡ. ತಂಬಿಗೆ ಮೇಲೆ ತಂಬಿಗೆ ಸುರಿದ ಸದ್ದು ಕೇಳುತ್ತಾ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಅಮ್ಮಾ!" ಒಳಗಿಂದ ಕೂಗು ಬಂತು, ಶಾಲೆಗೆ ಹೊರಡುವ ಹುಡುಗಿಯ ಕೂಗು. "ಅಮ್ಮಾ, ಟವೆಲ್ಲು!"

"ಬಂದೇ ಕಣೇ, ಬಂದೇ!" ಅತ್ತೆ ಓಡಿದರು. ಮೊಣಕಾಲು ನೋವಿನ ಅತ್ತೆ, ಮೆಟ್ಟಿಲು ನೋಡಿದರೆ ನಿಟ್ಟುಸಿರು ಬಿಡುವ ಅತ್ತೆ, ಅಕ್ಷರಶಃ ಓಡಿದರು. ಟೈಲರಮ್ಮ ಸೂಟ್‌ಕೇಸು ಇಳಿಸಿಕೊಳ್ಳಲು ಗೇಟಿನ ಕಡೆ ಓಡಿದಳು.

ಅವಳು ಅದನ್ನು ಎತ್ತಿಕೊಂಡು ಏದುಸಿರು ಬಿಡುತ್ತಾ ಒಳಗೆ ಬಂದಾಗ, ಅತ್ತೆ ಟವೆಲನ್ನು ಎದೆಗವಚಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ಬಾಗಿಲು ಗೇಣುದ್ದ ತೆರೆಯಿತು. ನೀರು ತೊಟ್ಟಿಕ್ಕುವ ಕೈಯೊಂದು ಹೊರಬಂದು, ಗಾಳಿಯಲ್ಲಿ ತಡಕಾಡಿತು.