ಹೊಗೆಯನ್ನೇ ಕೇಳಿದ್ದು

"ಹತ್ಕೊಳ್ಳೇ ನಮ್ಮಮ್ಮ, ಹತ್ಕೋ. ನೀನೂ ಕೈಕೊಡಬೇಡ."

ಬಚ್ಚಲಮನೆಯಲ್ಲಿ ಅತ್ತೆ ಒಲೆಯನ್ನು ಪುಸಲಾಯಿಸುತ್ತಿದ್ದರು. ಮಗನ ಅಂತ್ಯಕ್ರಿಯೆ ಮುಗಿದು, ಬಂದ ನೆಂಟರೆಲ್ಲ ಚಾಪೆ ಸುತ್ತಿಟ್ಟು ಹೊರಟುಹೋಗಿ, ಮನೆಗೆ ಮತ್ತೆ ಮಾಮೂಲಿ ಬೆಳಗಾದದ್ದು ಅವತ್ತೇ. ಹಾಲಿನವನು ಗೇಟು ಬಡಿದ. ಕೆಳಗಿನ ಟೈಲರು ಷಟರ್ ಎತ್ತಿದ. ಸೊಸೆ ಅಡುಗೆಮನೆಯಲ್ಲಿ ಹಾಲು ಉಕ್ಕುವುದನ್ನು ನೋಡುತ್ತ ನಿಂತಿದ್ದಳು. ಅದು ಉಕ್ಕಿ ಹರಿದು ಗ್ಯಾಸ್ ಆರಿದ ಮೇಲೂ ನೋಡುತ್ತಲೇ ಇದ್ದಳು.

ಬಸ್ಸಿಗೆ ಕಾಯುತ್ತ ನಿಂತಿದ್ದ ಗಂಡ ಕುಸಿದು ಕೂತವನು ಮತ್ತೆ ಏಳಲಿಲ್ಲ. ಹೃದಯ ಅಂದರು. ಅಂದಿನಿಂದ ಅವಳ ಬಾಯಲ್ಲಿ ಉಳಿದದ್ದು ಒಂದೇ ಮಾತು. ಊಟ ಮಾಡ್ತೀಯಾ? ಹೂಂ. ಸ್ವಲ್ಪ ಮಲಗ್ತೀಯಾ? ಹೂಂ. ಇಲ್ಲಿ ಸಹಿ ಹಾಕ್ತೀಯಾ? ಹೂಂ. ಯೂನಿವರ್ಸಿಟಿಯಲ್ಲಿ ಓದಿ, ಪಠ್ಯಪುಸ್ತಕದ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತ, ಒಂದು ಅಲ್ಪವಿರಾಮಕ್ಕೂ ಜಗಳ ತೆಗೆಯುತ್ತಿದ್ದ ಹೆಂಗಸು ಈಗ ಯಾರು ಏನಂದರೂ ಒಪ್ಪಿಬಿಡುತ್ತಿದ್ದಳು.

ಒಳಕೋಣೆಯಿಂದ ಸಣ್ಣಗೆ ಸೀಟಿ ಕೇಳಿಸಿತು. ಅವಳು ಗ್ಯಾಸ್ ಆಫ್ ಮಾಡಿ ಓಡಿದಳು.

ಆರು ವರ್ಷದ ಮಗಳು ಮಂಚದ ಮೇಲೆ ಎದ್ದು ಕೂತು, ಭುಜ ಮೇಲೆತ್ತಿ ಉಸಿರೆಳೆಯುತ್ತಿತ್ತು. ಉಬ್ಬಸ ಬಂದಾಗ ಎದೆಯೊಳಗೆ ಯಾರೋ ಊದಿದ ಹಾಗೆ ಸದ್ದಾಗುತ್ತದೆ ಅಂತ ಅಜ್ಜಿ ಅವಳಿಗೆ 'ಪೀಪಿ' ಅಂತ ಹೆಸರಿಟ್ಟಿದ್ದರು. ಪೀಪಿಗೆ ಆ ಹೆಸರಿನ ಬಗ್ಗೆ ಜಂಬವೇ ಇತ್ತು. ಅಮ್ಮ ಇನ್‌ಹೇಲರನ್ನು ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಸಿ ಮಗಳ ಮುಖಕ್ಕೆ ಹಿಡಿದಳು. ಪೀಪಿ ತಾನೇ ಉಸಿರು ಎಣಿಸಿಕೊಂಡು, ಸ್ವಲ್ಪ ಹೊತ್ತಿಗೆ ಹಗುರಾಗಿ, "ಅಮ್ಮ, ಹಾಲು ಸೀದ ವಾಸನೆ" ಅಂದಿತು.

ಗಂಡನ ಅಕ್ಕ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ನೆಂಟರಲ್ಲಿ ಹಿಂದೆ ಉಳಿದವಳು ಅವಳೊಬ್ಬಳೇ. ಒಳ್ಳೆಯ ಮನಸ್ಸಿನವಳು, ದೊಡ್ಡ ದನಿಯವಳು.

"ನೋಡು, ನಾನು ಬಾಯಿಬಿಟ್ಟು ಹೇಳಿಬಿಡ್ತೀನಿ. ಪೀಪೀನ ನಮ್ಮನೇಗೆ ಕರ್ಕೊಂಡ್ ಹೋಗ್ತೀನಿ. ಅಲ್ಲೇ ಸ್ಕೂಲಿಗೆ ಸೇರಿಸೋಣ. ದಿನಾ ಬೆಳಗ್ಗೆ ಮಗು ಹೀಗೆ ಒದ್ದಾಡೋದು ನೋಡಕ್ಕಾಗಲ್ಲ. ಈ ಮನೆ ಗಾಳೀಲೇ ಏನೋ ಇದೆ ಕಣೇ. ಭಾನುವಾರದ ರೈಲಿಗೆ ಎರಡು ಟಿಕೆಟ್ ಮಾಡಿಸ್ಲಾ?"

"ಹೂಂ" ಅಂದಳು ಅವಳು.

ಅಂದ ಮೇಲೆ, ಅಂದದ್ದು ಏನಂತ ಅವಳಿಗೆ ಹೊಳೆಯಿತು. ಅತ್ತಿಗೆ ಅಷ್ಟರಲ್ಲಿ ಫೋನು ಹಿಡಿದು ಹೊರಗೆ ಹೋಗಿಯಾಗಿತ್ತು.

ಅತ್ತಿಗೆ ಹೇಳಿದ್ದು ಸುಳ್ಳಲ್ಲ, ಅದೇ ಕಷ್ಟ. ಹೊಗೆ ತಪ್ಪಿಸಿ ಅಂತ ಡಾಕ್ಟರು ಹೇಳಿದ ದಿನವೇ ಗಂಡ ಸಿಗರೇಟು ಬಿಟ್ಟಿದ್ದ. ಸೊಳ್ಳೆಬತ್ತಿಯ ಜಾಗಕ್ಕೆ ಪರದೆ ಬಂದಿತ್ತು. ಉಳಿದದ್ದು ಬಚ್ಚಲ ಒಲೆ ಒಂದೇ. ಸೌದೆ ಉರಿಯಲ್ಲಿ ಕಾದ ನೀರು ಮೈಮೇಲೆ ಬಿದ್ದರೇನೇ ತಮ್ಮ ಮಂಡಿಗಳು ಮಾತು ಕೇಳುವುದು ಅಂತ ಅತ್ತೆಯ ವಾದ. ಅದಕ್ಕೂ ಗಂಡ ದಾರಿ ಹುಡುಕಿದ್ದ. ಅವನು ಬೀಗ ರಿಪೇರಿಯವನು. ಯಾವುದನ್ನಾದರೂ ಭದ್ರವಾಗಿ ಮುಚ್ಚುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬಚ್ಚಲಿಗೆ ಗಟ್ಟಿ ಬಾಗಿಲು ಹಾಕಿಸಿದ. ಪೀಪಿಯ ಕೋಣೆಯ ಕಿಟಕಿ ಸಂದುಗಳಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿದ. ಕೆಟ್ಟ ಗಾಳಿ ಎಳೆದು ಹೊರಹಾಕಲು ಮಂಚದ ಮೇಲುಗಡೆ ಗೋಡೆಗೆ ಫ್ಯಾನು ಕೂರಿಸಿ, "ಇನ್ನು ಈ ರೂಮಿಗೆ ಬರಬೇಕಾದ್ರೆ ಹೊಗೆ ನನ್ನ ಪರ್ಮಿಷನ್ ಕೇಳಬೇಕು" ಅಂದಿದ್ದ. ಆಮೇಲೂ ಸೀಟಿ ನಿಲ್ಲಲಿಲ್ಲ. ಹೆಚ್ಚಾಯಿತು ಅಂತಲೇ ಅವಳಿಗೆ ಅನ್ನಿಸಿತ್ತು.

ಮಧ್ಯಾಹ್ನ ಪೀಪಿಯ ಬಟ್ಟೆ ತುಂಬಲು ಅಟ್ಟದಿಂದ ಸೂಟ್‌ಕೇಸ್ ಇಳಿಸಿದಾಗ, ಅದರ ಹಿಂದೆಯೇ ಗೋಣಿಯಲ್ಲಿ ಸುತ್ತಿದ್ದ ಒಂದು ವಸ್ತು ಉರುಳಿ ಬಿತ್ತು. ತಗಡಿನ ಡಬ್ಬಿ. ಮುಚ್ಚಳಕ್ಕೆ ಮೂತಿ. ಬೆನ್ನಿಗೆ ಚರ್ಮದ ಪುಟ್ಟ ತಿದಿ.

"ಕಾಫಿ ಜಗ್ಗು ಇರಬೇಕು" ಅಂದಳು ಅತ್ತಿಗೆ.

ಅತ್ತೆ ತಿದಿ ಒತ್ತಿ ನೋಡಿದರು. ಮೂತಿಯಿಂದ ಪುಸ್ಸಂತ ಹಾರಿದ ಬೂದಿ ಅವರ ಕನ್ನಡಕಕ್ಕೇ ಬಿತ್ತು. "ಹಾರ್ಮೋನಿಯಂ ಮರಿ ಕಣೇ ಇದು! ಆದ್ರೆ ಶ್ರುತಿ ಸರಿ ಇಲ್ಲ."

"ಅಜ್ಜಿ, ನಂಗೂ! ನಂಗೂ!"

"ಮುಟ್ಟಬೇಡ, ಮಸಿ ಇದೆ. ಒಂದು ಪೀಪಿ ಸಾಕು ಈ ಮನೆಗೆ."

ಡಬ್ಬಿಯ ತಳದಲ್ಲಿ ಬಣ್ಣದಲ್ಲಿ ಒಂದು ಫೋನ್ ನಂಬರ್ ಬರೆದಿತ್ತು. ಅವಳು ಕರೆ ಮಾಡಿದಳು. ಆ ಕಡೆಯಿಂದ ಬಂದದ್ದು ಪಿಸುಮಾತು. ಗಂಡನ ಗೆಳೆಯ, ಊರಾಚೆ ಜೇನುಪೆಟ್ಟಿಗೆ ಇಟ್ಟುಕೊಂಡವನು. ಎಲ್ಲರೂ ಕರೆಯುವುದು ಜೇನಣ್ಣ ಅಂತ. ಹುಳುಗಳಿಗೆ ತೊಂದರೆ ಆಗಬಾರದೆಂದು ಮೆಲ್ಲಗೆ ಮಾತಾಡಿ ಮಾತಾಡಿ, ಈಗ ಸಂತೆಯಲ್ಲಿ ನಿಂತರೂ ಅವನಿಗೆ ಪಿಸುದನಿಯೇ.

"ಅದು ನಂದೇ ತಂಗಿ. ಹೊಗೆ ಡಬ್ಬಿ. ಪೆಟ್ಟಿಗೆ ತೆಗೆಯೋಕೆ ಮುಂಚೆ ಹೊಗೆ ಊದಿದ್ರೆ ಹುಳ ಸುಮ್ನಾಗುತ್ತೆ."

"ಅವರು ಯಾಕೆ ತಂದಿದ್ರು?"

"ನಾನೂ ಬೈದೆ. ಉಬ್ಬಸದ ಮಗು ಇರೋ ಮನೆಗೆ ಇದ್ಯಾಕೋ ಮಹರಾಯ ಅಂದೆ. ಅದಕ್ಕವನು, ಮಗು ರೂಮಿಗೆ ಹೊಗೆ ಎಲ್ಲಿಂದ ಬರ್ತಿದೆ ಅಂತ ಯಾರನ್ನ ಕೇಳಿದ್ರೂ ಹೇಳ್ತಿಲ್ಲ ಕಣೋ, ಹೊಗೇನೇ ಕೇಳಿಬಿಡ್ತೀನಿ ಅಂದ. ಮಗು ಮನೇಲಿ ಇಲ್ಲದ ದಿನ ನೋಡಿ ಕೇಳ್ತೀನಿ ಅಂದಿದ್ದ. ಕೇಳಿದ್ನಾ ತಂಗಿ?"

"ಇಲ್ಲ." ಅವಳು ಡಬ್ಬಿಯನ್ನು ತಿರುಗಿಸಿ ನೋಡುತ್ತ, "ನಿಮಗೆ ಈಗಲೇ ಬೇಕಾಗಿತ್ತಾ?" ಅಂದಳು.

"ಅಯ್ಯೋ ಇಲ್ಲ ಇಲ್ಲ. ನಿಧಾನಕ್ಕೆ ಕೊಡಿ."

ಶನಿವಾರ ಅತ್ತಿಗೆ ಪೀಪಿಯನ್ನು ಹೊಸ ಶೂ ಕೊಡಿಸಲು ಕರೆದುಕೊಂಡು ಹೋದಳು. ಬರುವುದು ಸಂಜೆಯೇ. ಮೆಟ್ಟಿಲ ಮೇಲೆ ಅವರ ಹೆಜ್ಜೆ ಸದ್ದು ಅಡಗಿದ್ದೇ ತಡ, ಅವಳು ಒಣ ತೆಂಗಿನ ನಾರು, ರಟ್ಟಿನ ಚೂರು ಡಬ್ಬಿಗೆ ತುರುಕಿ ಬೆಂಕಿ ಹಚ್ಚಿದಳು.

"ತಲೆಗಿಲೆ ಕೆಟ್ಟಿದೆಯೇನೇ?" ಅತ್ತೆ ಹೌಹಾರಿದರು. "ಇರೋ ಹೊಗೆ ಸಾಲದು ಅಂತ ಬಾಡಿಗೆಗೆ ತಂದಿದೀಯಾ?"

"ಅತ್ತೆ, ದಿನಾ ಬೆಳಗ್ಗೆ ಮನೆ ಹೇಗಿರುತ್ತೋ ಹಾಗೇ ಇರಬೇಕು. ಕಿಟಕಿ ಎಲ್ಲ ಹಾಕಿ. ಪೀಪಿ ರೂಮಿನ ಫ್ಯಾನ್ ಹಾಕಿ. ಬಾಗಿಲೂ ಮುಚ್ಚಿ."

ಇಷ್ಟು ದಿನಗಳಲ್ಲಿ ಸೊಸೆಯ ಬಾಯಿಂದ ಇಷ್ಟು ಮಾತು ಒಟ್ಟಿಗೆ ಬಂದಿರಲಿಲ್ಲ. ಅತ್ತೆ ಹೋಗಿ ಎಲ್ಲ ಮುಚ್ಚಿ ಬಂದರು.

ಅವಳು ಬಚ್ಚಲಿನೊಳಗೆ, ಆರಿದ ಒಲೆಯ ಮುಂದೆ ತಿದಿ ಒತ್ತಿದಳು. ಬಿಳಿ ಹೊಗೆ ದಪ್ಪಗೆ ಸುರುಳಿ ಬಿಟ್ಟಿತು. ಒಲೆಯ ಮೇಲಿನ ಹೊಗೆಕೊಳವೆಯ ದಾರಿ ಹಿಡಿದು ಮೇಲೇರಬೇಕಾದದ್ದು ಸ್ವಲ್ಪ ಏರಿ, ಏನೋ ಮರೆತವರಂತೆ ತಿರುಗಿ ಕೆಳಗಿಳಿಯಿತು. ಅವಳು ಹೊರಬಂದು ಬಾಗಿಲು ಭದ್ರ ಮಾಡಿದಳು. ಅತ್ತೆ ಸೊಸೆ ಇಬ್ಬರೂ ಬಚ್ಚಲಿಗೂ ಪೀಪಿಯ ಕೋಣೆಗೂ ನಡುವಿನ ಓಣಿಯಂಥ ನಡುಮನೆಯಲ್ಲಿ ಮಂಡಿಯೂರಿ ಕೂತರು.

ಬಾಗಿಲಿನ ಅಡಿಯಿಂದ ಹೊಗೆ ಹೊರಗಿಣುಕಿತು. ಹತ್ತಿರದಲ್ಲೇ ಇದ್ದ ಅಡುಗೆಮನೆಯ ಕಡೆ ತಿರುಗಿಯೂ ನೋಡಲಿಲ್ಲ. ನೆಲಕ್ಕೆ ಅಂಟಿಕೊಂಡು, ಗೋಡೆ ಪಕ್ಕದಲ್ಲಿ, ಚಪ್ಪಲಿ ಗೂಡು ದಾಟಿ, ದಿನಾ ಓಡಾಡಿ ಗೊತ್ತಿರುವ ದಾರಿ ಎಂಬಂತೆ ನೆಟ್ಟಗೆ ನಡೆದು ಪೀಪಿಯ ಬಾಗಿಲ ಸಂದಿನಲ್ಲಿ ನುಸುಳಿತು.

"ಎಲ್ಲಿಗೇ ಹೋಗ್ತಿದೆ ಅದು?" ಅತ್ತೆ ಸೊಸೆಯ ತೋಳು ಹಿಡಿದುಕೊಂಡರು.

ಅವಳು ಮೆಲ್ಲಗೆ ಬಾಗಿಲು ತೆರೆದಳು. ಕೋಣೆಯಲ್ಲಿ ಹೊಗೆ ಮಂಚದ ಕಾಲು ಹಿಡಿದು ಹತ್ತುತ್ತಿತ್ತು. ದಿಂಬಿನ ಮೇಲೆ ಒಂದು ಗಳಿಗೆ ತಂಗಿ, ಅಲ್ಲಿಂದ ಫ್ಯಾನಿನತ್ತ ಏರಿ ಹೊರಗೆ ಹೋಗುತ್ತಿತ್ತು. ಮಗುವಿಗೆ ಎಲ್ಲಕ್ಕಿಂತ ಒಳ್ಳೆಯ ಗಾಳಿ ಸಿಗಲಿ ಎಂದು ಗಂಡ ಮಂಚವನ್ನು ಫ್ಯಾನಿನ ಕೆಳಗೇ ಹಾಕಿದ್ದ.

"ಫ್ಯಾನ್ ಸರಿಯಾಗೇ ಕೆಲಸ ಮಾಡ್ತಿದೆ ಅತ್ತೆ" ಅಂದಳು ಅವಳು. "ಅದೇ ತೊಂದರೆ. ಅದು ಗಾಳೀನ ಹೊರಗೆ ಎಳೆದಷ್ಟೂ ಒಳಗೆ ಎಲ್ಲಿಂದಾದ್ರೂ ಬರಲೇಬೇಕಲ್ಲ. ಕಿಟಕಿ ಎಲ್ಲ ಬಿಗಿಯಾಗಿ ಮುಚ್ಚಿದೀವಿ. ಉಳಿದಿರೋದು ಬಾಗಿಲಡಿ ಸಂದು ಒಂದೇ. ಅದರಾಚೆ ಬಚ್ಚಲು. ಒಲೆ ಹೊಗೆ ಕೊಳವೇಲಿ ಹೋಗೋ ಬದಲು ಇಲ್ಲಿಗೆ ಬರ್ತಿದೆ."

"ಅಂದ್ರೆ... ನನ್ನ ಮಗ ಹಾಕಿದ ಫ್ಯಾನು, ನನ್ನ ಒಲೆ ಹೊಗೇನ ಕೈಹಿಡಿದು ಮಗು ಹತ್ರ ಕರ್ಕೊಂಡು ಬರ್ತಿತ್ತಾ?"

ಅವಳು ಕಿಟಕಿಯ ಬಳಿ ಹೋಗಿ ಗಂಡ ಅಂಟಿಸಿದ್ದ ರಬ್ಬರ್ ಪಟ್ಟಿಯ ತುದಿ ಹುಡುಕಿದಳು. ಒಂದಿಷ್ಟೂ ಸುಕ್ಕಿಲ್ಲದೆ, ಮೂಲೆ ಮೂಲೆಗೂ ನೀಟಾಗಿ ಕತ್ತರಿಸಿ ಅಂಟಿಸಿದ್ದ. ಅದನ್ನು ಕೀಳುವಾಗ ಅವಳಿಗೆ ಅಳು ಬಂತು, ಆಸ್ಪತ್ರೆಯಲ್ಲೂ ಬಾರದಿದ್ದ ಅಳು. ಅತ್ತೆ ಇನ್ನೊಂದು ಕಿಟಕಿಯ ಪಟ್ಟಿ ಕೀಳತೊಡಗಿದರು. ಇಬ್ಬರೂ ಅಳುತ್ತಲೇ ಕಿತ್ತರು. ಕಿಟಕಿ ತೆರೆದಾಗ ಕೆಳಗಿನ ಟೈಲರು ತಲೆಯೆತ್ತಿ ನೋಡಿ, "ಏನಾಯ್ತಮ್ಮ, ಹೊಗೆ ಬರ್ತಿದೆ! ಬೆಂಕಿ ಬಿತ್ತಾ?" ಅಂತ ಕೂಗಿದ.

"ಬೆಂಕಿ ಅಲ್ಲಪ್ಪ, ಓದಿದೋರು ಪರೀಕ್ಷೆ ಮಾಡ್ತಿದಾರೆ!" ಅಂತ ಅತ್ತೆ ಮೂಗೊರೆಸಿಕೊಂಡು ಕೂಗಿದರು. "ಪಾಸಾಗಿದೆ!"

ಆಮೇಲೆ ಅವರು ನೇರ ಬಚ್ಚಲಿಗೆ ನಡೆದು, ಒಲೆಯ ಬೂದಿ ಬಳಿದು ಬಕೆಟ್ಟಿಗೆ ಹಾಕಿದರು. "ಈ ಒಲೆಯಮ್ಮ ಇಷ್ಟು ದೂರ ತಿರುಗಾಡ್ತಾಳೆ ಅಂತ ನಂಗೆ ಗೊತ್ತಿರಲಿಲ್ಲ ಕಣೇ. ನಾಳೆಯಿಂದ ಗ್ಯಾಸ್ ಮೇಲೇ ನೀರು ಕಾಯಿಸು. ನನ್ನ ಮಂಡಿಗೆ ನಾನೇ ಬುದ್ಧಿ ಹೇಳ್ಕೋತೀನಿ."

ಸಂಜೆ ಪೀಪಿ ಮತ್ತು ಅತ್ತಿಗೆ ಬಂದಾಗ ಹಾಸಿಗೆ, ದಿಂಬು, ಪರದೆ ಎಲ್ಲ ತಾರಸಿಯ ಹಗ್ಗದ ಮೇಲಿದ್ದವು. ವಾಸನೆ ಪೂರ್ತಿ ಹೋಗುವವರೆಗೆ ಪೀಪಿಯನ್ನು ಟೈಲರ ಅಂಗಡಿಯಲ್ಲೇ ಕೂರಿಸಿದರು. ಅದು ಅವನ ಗುಂಡಿಗಳನ್ನೆಲ್ಲ ಬಣ್ಣದ ಪ್ರಕಾರ ಜೋಡಿಸಿಕೊಟ್ಟು, ಮರುದಿನದಿಂದ ಅವನಿಗೆ ಏನೂ ಸಿಗದ ಹಾಗೆ ಮಾಡಿತು. ಅತ್ತಿಗೆ ಮಾತ್ರ ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ.

"ನೀವಿಬ್ಬರೂ ಹೊಗೆ ನೋಡಿದ್ದು ಸರಿ. ಮಗು ಎದೆ ಕೇಳಬೇಕಲ್ಲ? ಬಟ್ಟೆ ತುಂಬೋಣ್ವಾ?"

"ಊಹೂಂ" ಅಂದಳು ಅವಳು.

ಅತ್ತಿಗೆ ಕಣ್ಣರಳಿಸಿದಳು. "ಏನಂದೆ?"

"ಊಹೂಂ ಅಂದ್ಲು" ಅಂತ ಅತ್ತೆ ಒಳಗಿಂದಲೇ ಹೇಳಿದರು. "ಅಕ್ಷರ ಜಾಸ್ತಿ ಆಗಿದೆ. ಸೊಸೆ ವಾಪಸ್ ಬಂದ್ಲು."

"ಪೀಪಿ ಇಲ್ಲೇ ಇರಲಿ ಅತ್ತಿಗೆ" ಅಂದಳು ಅವಳು. "ನಿಮ್ಮ ಟಿಕೆಟ್ ಮುಂದಕ್ಕೆ ಹಾಕಿಸಿ. ನೀವೇ ದಿನಾ ಬೆಳಗ್ಗೆ ಕೇಳಿ. ಆಮೇಲೂ ಹಾಗೇ ಇದ್ರೆ ನಾನೇ ಬಂದು ಬಿಟ್ಟು ಹೋಗ್ತೀನಿ."

ಆ ವಾರ ಅತ್ತಿಗೆಗೆ ಬೇರೆ ಕೆಲಸವಿರಲಿಲ್ಲ. ಬೆಳಕಾಗುತ್ತಲೇ ಪೀಪಿಯ ಬಾಗಿಲಿಗೆ ಕಿವಿ ಹಚ್ಚಿ ನಿಲ್ಲುವಳು. ಮೊದಲ ಬೆಳಗು ಸಣ್ಣಗೆ ಸೀಟಿ ಇತ್ತು. ಅಮ್ಮ ಓಡಿ ಇನ್‌ಹೇಲರ್ ತರುವಷ್ಟರಲ್ಲಿ ಅದು ತಾನಾಗಿ ಇಳಿಯಿತು. ಎಲೆಕ್ಟ್ರಿಷಿಯನ್ ಬಂದು ಫ್ಯಾನನ್ನು ಅಡುಗೆಮನೆಗೆ, ಗ್ಯಾಸ್ ಒಲೆಯ ಮೇಲುಗಡೆಗೆ ಬದಲಾಯಿಸಿದ. ಈ ಸಲ ಎದುರುಗಡೆಯ ಕಿಟಕಿ ತೆರೆದೇ ಇತ್ತು. ಎರಡು ಬೆಳಗು ಸದ್ದಿಲ್ಲದೆ ಕಳೆದವು. ಮರುದಿನ ಬಾಗಿಲಿಗೆ ಕಿವಿಯಿಟ್ಟಿದ್ದ ಅತ್ತಿಗೆ ಗಾಬರಿಯಿಂದ ಓಡಿಬಂದಳು. "ಏಳ್ರೇ! ಒಳಗೆ ಭಯಂಕರ ಸೀಟಿ!"

ಬಾಗಿಲು ತೆಗೆದರೆ ಪೀಪಿ ಮಂಚದ ಮೇಲೆ ನಿಂತು, ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕುವುದನ್ನು ಕಲಿಯುತ್ತಿತ್ತು. "ದೊಡ್ಡತ್ತೆ, ನೀವು ದಿನಾ ಕೇಳೋಕೆ ಬರ್ತೀರಲ್ಲ, ಅದಕ್ಕೆ."

ಅತ್ತಿಗೆ ಅವತ್ತೇ ಫೋನು ತೆಗೆದು ಎರಡು ಟಿಕೆಟ್ಟನ್ನು ಒಂದು ಮಾಡಿಸಿದಳು. ಉಬ್ಬಸವೇನೂ ಮನೆ ಬಿಟ್ಟು ಓಡಿಹೋಗಿರಲಿಲ್ಲ. ಡಾಕ್ಟರು ಹೇಳಿದ ಔಷಧಿ ಎರಡು ಹೊತ್ತೂ ನಡೆದಿತ್ತು. ಮೆಟ್ಟಿಲು ಓಡಿ ಹತ್ತಿದರೆ ಎದೆ ಈಗಲೂ ಊದುತ್ತಿತ್ತು. ಆದರೆ ಬೆಳಗಿನ ಒದ್ದಾಟ ನಿಂತಿತ್ತು. ಪೀಪಿ ಅಮ್ಮನ ಮಗ್ಗುಲಲ್ಲೇ ಇತ್ತು.

ಅತ್ತಿಗೆಯನ್ನು ರೈಲಿಗೆ ಹತ್ತಿಸಿದ ಮೇಲೆ ಅವಳು ಹೊಗೆ ಡಬ್ಬಿಯ ಮಸಿ ಉಜ್ಜಿ ತೊಳೆದು, ತಿದಿಗೆ ಎಣ್ಣೆ ಸವರಿ, ಪೀಪಿಯನ್ನು ಕರೆದುಕೊಂಡು ಊರಾಚೆ ಹೊರಟಳು. ಜೇನಣ್ಣ ಬೇಲಿಯ ಹತ್ತಿರವೇ ಎದುರಾದ. ಅವನ ಎಡಗಣ್ಣು ಊದಿ ಮುಚ್ಚಿಹೋಗಿತ್ತು, ಕೆಳತುಟಿ ಬನ್ನಿನಷ್ಟಾಗಿತ್ತು.

"ಮಾಮ, ಯಾರು ಹೊಡೆದ್ರು?" ಅಂತ ಪೀಪಿ ಕೇಳಿತು.

"ಯಾರೂ ಇಲ್ಲ ಪುಟ್ಟ, ನನ್ನ ಪೆಟ್ಟಿಗೆಯವರೇ" ಎಂದು ಅವನು ಪಿಸುಗುಟ್ಟಿದ.

"ಡಬ್ಬಿ ಇಲ್ಲದೇನೇ ಪೆಟ್ಟಿಗೆ ತೆಗೀತಿದ್ರಾ?" ಅವಳು ದಂಗಾಗಿ ಕೇಳಿದಳು. "ಬೇಕಾಗಿತ್ತಾ ಅಂತ ಅವತ್ತು ಕೇಳಿದ್ನಲ್ಲ ಅಣ್ಣ?"

"ಸಾವಾದ ಮನೆಗೆ ಹೊಗೆ ಡಬ್ಬಿ ಕೊಡಿ ಅಂತ ಯಾವ ಬಾಯಲ್ಲಿ ಕೇಳಲಿ ತಂಗಿ? ಅವನನ್ನ ಕಳಿಸಿಕೊಟ್ಟ ದಿನವೂ ಹಿಂಗೇ ಊದಿತ್ತು. ಎಲ್ಲರೂ ನನ್ನ ಮುಖ ನೋಡಿ, ಪಾಪ, ಸ್ನೇಹಿತನಿಗೋಸ್ಕರ ಎಷ್ಟು ಅತ್ತಿದಾನೆ ಅಂದ್ರು. ನಾನು ಸುಮ್ನಿದ್ದೆ. ಅರ್ಧ ಅಳುವೇ. ಇನ್ನರ್ಧ ಹುಳ."

ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರೂ ಹೊರಗೆ ಬಂತು. ಜೇನಣ್ಣ ಗಾಬರಿಯಾಗಿ ತುಟಿಗೆ ಬೆರಳಿಟ್ಟ. ಆಮೇಲೆ ತಾನೂ ಸದ್ದಿಲ್ಲದೆ, ಊದಿದ ತುಟಿ ನೋಯದ ಹಾಗೆ ನಕ್ಕ.

"ಹೊಗೆ ಏನಂತು ತಂಗಿ, ಕೇಳಿದ್ದಕ್ಕೆ?"

"ಎಲ್ಲ ಹೇಳಿತು" ಅಂದಳು ಅವಳು. ಡಬ್ಬಿಯನ್ನು ಬೇಲಿಯ ಮೇಲಿಂದ ಎರಡೂ ಕೈಯಲ್ಲಿ ಅವನ ಕೈಗೆ ಕೊಟ್ಟಳು. "ನಾವು ಹೋದ ಮೇಲೆ ಹಚ್ಚಿ."