ಬಾನೆಟ್ಟಿನಾಚೆಯ ನೆಲ

ನಮ್ಮ ಶೋರೂಮಿನಲ್ಲಿ ಸಣ್ಣ ಕಾರುಗಳೂ ಇವೆ. ಆದರೆ ಬೀದಿಗೆ ಕಾಣುವ ಗಾಜಿನ ಹಿಂದೆ ನಿಲ್ಲಿಸುವುದು ದೊಡ್ಡ ಎಸ್‌ಯುವಿಗಳನ್ನು ಮಾತ್ರ. ಮಾರುವುದು ನನ್ನ ಕೆಲಸವಲ್ಲ, ನನಗೆ ಅದು ಬರುವುದೂ ಇಲ್ಲ. ಮಾರಾಟವಾದ ಗಾಡಿಯನ್ನು ಕೊಂಡವರಿಗೆ ಒಪ್ಪಿಸಿ, ಪಕ್ಕದ ಸೀಟಿನಲ್ಲಿ ಕೂತು, ಒಂದು ಗಂಟೆ ಅದರ ಗುಂಡಿ, ಪರದೆ, ಕನ್ನಡಿಗಳ ಪರಿಚಯ ಮಾಡಿಸುವುದು ನನ್ನ ಪಾಲಿಗೆ ಬಂದ ಕೆಲಸ.

ಆ ಗಂಟೆಯಲ್ಲಿ ಹದಿನೈದು ನಿಮಿಷ ನಾನಾಗಿಯೇ ಸೇರಿಸಿಕೊಂಡದ್ದು. ಗಾಡಿ ತೊಳೆಯುವ ಮೂರು ಪ್ಲಾಸ್ಟಿಕ್ ಬಕೆಟ್‌ಗಳನ್ನು, ಒಂದು ಬೋರಲು, ಅದರ ಮೇಲೆ ಒಂದು ನೆಟ್ಟಗೆ, ಮತ್ತೊಂದು ಬೋರಲು, ಹೀಗೆ ಪೇರಿಸಿ ಬಂಪರಿನಿಂದ ಎರಡು ಹೆಜ್ಜೆ ಮುಂದೆ ನಿಲ್ಲಿಸುತ್ತೇನೆ. ಎರಡು ವರ್ಷದ ಮಗುವಿನ ಎತ್ತರ ಆಗುತ್ತದೆ. ಗಿರಾಕಿಗೆ ಮೊದಲೇ ಕಾಣಬಾರದೆಂದು ಗಾಡಿಯ ಹಿಂಬದಿಯಿಂದ ಕರೆತಂದು ಸೀಟಿನಲ್ಲಿ ಕೂರಿಸಿ, "ಮುಂದೆ ಎಷ್ಟು ಬಕೆಟ್ ಇದೆ ಹೇಳಿ" ಅನ್ನುತ್ತೇನೆ. "ಯಾವ ಬಕೆಟ್?" ಅನ್ನುತ್ತಾರೆ ಎಲ್ಲರೂ. ಆಮೇಲೆ ನಾನು ಇಳಿದು, ಅವರ ಕಣ್ಣಿಗೆ ಬೀಳುವವರೆಗೂ ಬಕೆಟ್‌ಗಳನ್ನು ಒಂದೊಂದೇ ಹೆಜ್ಜೆ ದೂರ ಸರಿಸುತ್ತೇನೆ. ಮೊದಲು ನಗುತ್ತಾರೆ. ನಾಲ್ಕನೆಯ ಹೆಜ್ಜೆಯ ಹೊತ್ತಿಗೆ ನಗು ನಿಂತಿರುತ್ತದೆ.

ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಒಂದು ದಿನ ನಾನು ಹೊಸ ಗಾಡಿ ಸ್ಟಾರ್ಟ್ ಮಾಡುವ ಹೊತ್ತಿಗೆ, ಬಂಪರ್ ಒರೆಸುತ್ತಿದ್ದ ನನ್ನ ಸಹೋದ್ಯೋಗಿಯೊಬ್ಬಳು ಬಾನೆಟ್ಟಿನ ಮುಂದಿನಿಂದ ಎದ್ದು ನಿಂತಳು. ಅಷ್ಟೇ ಆದದ್ದು. ಆದರೆ ಅವಳು ಏಳದೇ ಇದ್ದಿದ್ದರೆ ಎಂಬ ಯೋಚನೆ ನನ್ನನ್ನು ಒಂದು ವಾರ ನಿದ್ದೆ ಮಾಡಲು ಬಿಡಲಿಲ್ಲ.

ಶೋರೂಮಿನವರು ನನಗೆ 'ಬಕೆಟ್ ಟೀಚರ್' ಎಂದು ಹೆಸರಿಟ್ಟರು. ಮ್ಯಾನೇಜರಿಗೆ ಮಾತ್ರ ಈ ಪಾಠ ಸೇರುತ್ತಿರಲಿಲ್ಲ. "ನಾವು ಆರು ವಾರ ಹೆಣಗಾಡಿ ಹತ್ತಿಸಿದವರನ್ನ ನೀನು ಕಾಲು ಗಂಟೇಲಿ ಇಳಿಸಿಬಿಡ್ತೀಯಲ್ಲಮ್ಮ" ಅನ್ನುತ್ತಿದ್ದರು. ಅವರು ಹೇಳುವುದೂ ಸರಿಯೇ ಇರಬಹುದು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತಿತ್ತು.

ಅವತ್ತು ಬೆಳಿಗ್ಗೆ ಅಂಗಳದಲ್ಲಿ ಬಕೆಟ್ ಪೇರಿಸಿ ಒಳಗೆ ಬಂದಾಗ ಮ್ಯಾನೇಜರ್ ನನ್ನನ್ನೇ ಕಾಯುತ್ತಿದ್ದರು.

"ಇವತ್ತಿನ ಗಿರಾಕಿ ಹಲ್ಲಿನ ಡಾಕ್ಟರು. ಹತ್ತು ತಿಂಗಳ ಹಿಂದೆ ಅವರ ಪುಟ್ಟ ಕಾರಿಗೆ ಆ ದೊಡ್ಡ ಸರ್ಕಲ್‌ನಲ್ಲಿ ಲಾರಿ ಗುದ್ದಿದೆ. ಮೈಗೇನೂ ಆಗಿಲ್ಲ, ಆದ್ರೆ ಅವತ್ತಿಂದ ಸ್ಟೇರಿಂಗ್ ಮುಟ್ಟಿಲ್ಲ. ದಿನಾ ಅವರ ಅಣ್ಣನೇ ಕ್ಲಿನಿಕ್‌ಗೆ ಬಿಡೋದು, ಕರ್ಕೊಂಡು ಹೋಗೋದು. ಈಗ ಆ ಅಣ್ಣ ತಂಗಿಗೆ ಧೈರ್ಯ ಬರ್ಲಿ ಅಂತ ನಮ್ಮಲ್ಲಿರೋದ್ರಲ್ಲೇ ದೊಡ್ಡದನ್ನ ತಗೊಂಡಿದಾರೆ. ಗೊತ್ತಾಯ್ತಲ್ಲ? ಬಕೆಟ್ ಗಿಕೆಟ್ ಇವತ್ತು ಬೇಡ. ಆ ಕೀಂಕೀಂ ಅನ್ನೋ ಶಬ್ದಗಳನ್ನೂ ಆಫ್ ಮಾಡು. ಪಾಪ, ಬೆಚ್ಚಿಬೀಳ್ತಾರೆ."

"ಆದ್ರೆ ಸಾರ್..."

"ಒಂದು ದಿನ, ತಾಯಿ. ಒಂದೇ ದಿನ."

ನಾನು ತಲೆಯಾಡಿಸಿದೆ. ಹೆದರಿದವರನ್ನು ಇನ್ನಷ್ಟು ಹೆದರಿಸುವುದು ಯಾವ ನ್ಯಾಯ ಎಂದು ಒಂದು ಮನಸ್ಸು, ಗೊತ್ತಿದ್ದೂ ಹೇಳದಿರುವುದು ಯಾವ ನ್ಯಾಯ ಎಂದು ಇನ್ನೊಂದು. ಈ ಜಗಳ ಕೇಳಿಕೊಂಡೇ, ಏನಾದರೂ ಹತ್ತಿರ ಬಂದರೆ ಕೂಗುವ ಎಚ್ಚರಿಕೆಯ ಶಬ್ದಗಳನ್ನು ಆಫ್ ಮಾಡಿದೆ. ಟೈರಿನ ಗಾಳಿ ಮೂರು ಸಲ ನೋಡಿದೆ. ಕನ್ನಡಿಗಳನ್ನು ಎರಡು ಸಲ ಒರೆಸಿದೆ. ಬಕೆಟ್‌ಗಳನ್ನು ತೆಗೆಯಬೇಕೆಂಬುದು ಮಾತ್ರ ತಲೆಯಿಂದ ಜಾರಿಹೋಯಿತು.

ಅಣ್ಣ ತಂಗಿ ಹತ್ತು ಗಂಟೆಗೆ ಬಂದರು. ಅಣ್ಣ ಕಟ್ಟಡ ಕಟ್ಟಿಸುವವರು, ಬೂಟಿನ ಮೇಲೆ ಸಿಮೆಂಟಿನ ಧೂಳು. ತಂಗಿ ಅವರ ಭುಜದೆತ್ತರಕ್ಕೂ ಇರಲಿಲ್ಲ. ಅಭ್ಯಾಸದಂತೆ ಇಬ್ಬರನ್ನೂ ಗಾಡಿಯ ಹಿಂಬದಿಯಿಂದಲೇ ಕರೆತಂದೆ.

"ನೋಡೇ, ಕೋಟೆ!" ಎಂದು ಅಣ್ಣ ಗಾಡಿಯ ಬಾಗಿಲು ತಟ್ಟಿದರು. "ಇದ್ರಲ್ಲಿ ಕೂತ್ರೆ ಯಾವನೂ ನಿನ್ನ ಮುಟ್ಟಲ್ಲ."

"ಕೋಟೆಗೆ ಹತ್ತೋಕೆ ಏಣಿ ಕೊಟ್ಟಿದಾರಾ?"

ಬಾಗಿಲು ತೆಗೆದೊಡನೆ ಮೆಟ್ಟಿಲು ತಾನಾಗಿ ಕೆಳಗಿಳಿಯಿತು. ಡಾಕ್ಟರು ನಗುತ್ತಾ ಹತ್ತಿದರು. ಅಣ್ಣ ಮಾತ್ರ ಹತ್ತಲಿಲ್ಲ. "ನಾನಿದ್ರೆ ಮತ್ತೆ ನಂಗೇ ಕೀ ಕೊಟ್ಬಿಡ್ತೀಯ. ನೀನೇ ಓಡಿಸ್ಕೊಂಡು ಬಾ" ಎಂದು ಹೇಳಿ, ತಂಗಿ ತಿರುಗಿ ಮಾತಾಡುವ ಮೊದಲೇ ಹೊರಟುಬಿಟ್ಟರು.

ನಾನು ಪಕ್ಕದಲ್ಲಿ ಕೂತೆ. ಬಾಗಿಲು ಮೆತ್ತಗೆ ಧಪ್ ಎಂದು ಮುಚ್ಚಿಕೊಂಡಿತು. ಬೀದಿಯ ಗದ್ದಲವೆಲ್ಲ ಯಾರೋ ಬಾಯಿಗೆ ಕೈ ಅಡ್ಡ ಇಟ್ಟ ಹಾಗೆ ನಿಂತುಹೋಯಿತು. ಹೊಸ ಚರ್ಮದ ವಾಸನೆ. ಡಾಕ್ಟರು ಸೀಟನ್ನು ಎತ್ತರಿಸಿದರು, ಗುಂಡಿ ಒತ್ತಿ ಬೆನ್ನಿಗೆ ಸೀಟಿನ ಬಿಸಿ ಹಾಕಿಕೊಂಡರು.

"ನನ್ನ ಪೇಷಂಟ್‌ಗಳಿಗೆ ಇಂಥ ಕುರ್ಚಿ ಹಾಕಿಸಿದ್ರೆ ಒಬ್ರೂ ಎದ್ದು ಹೋಗಲ್ಲ!" ಅಂದರು. ಆಮೇಲೆ ಕತ್ತು ಮುಂದೆ ಚಾಚಿ, "ಅಯ್ಯೋ, ಕಾಂಪೌಂಡ್ ಗೋಡೆಯಾಚೆ ರಸ್ತೆನೇ ಕಾಣ್ತಿದೆ. ಬಸ್ಸು ಬರೋದು ನಂಗೆ ಮೊದಲೇ ಗೊತ್ತಾಗುತ್ತೆ ಅಲ್ವಾ?"

"ಹೌದು ಡಾಕ್ಟ್ರೇ. ದೂರದ್ದೆಲ್ಲ ಚೆನ್ನಾಗಿ ಕಾಣುತ್ತೆ."

ನಾನು ಹೇಳಿದ್ದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಅವರ ಮುಖದಲ್ಲಿ ಬಿಗಿ ಸಡಿಲವಾಗುತ್ತಿತ್ತು, ಬೆರಳುಗಳು ಸ್ಟೇರಿಂಗ್ ಮೇಲೆ ನೆಲೆಯಾಗುತ್ತಿದ್ದವು. ಈ ಎತ್ತರ ಅವರಿಗೆ ನಿಜವಾಗಿ ಧೈರ್ಯ ಕೊಡುತ್ತಿದೆ. ಮ್ಯಾನೇಜರ್ ಹೇಳಿದ್ದೇ ಸರಿ ಎಂದುಕೊಂಡೆ.

"ಹೊರಡ್ಲಾ?" ಎಂದವರು ನನ್ನ ಉತ್ತರಕ್ಕೂ ಕಾಯದೆ ಬ್ರೇಕಿನಿಂದ ಕಾಲೆತ್ತಿದರು. ಗಾಡಿ ಬೆಣ್ಣೆಯ ಮೇಲೆ ಜಾರಿದಂತೆ ಮುಂದೆ ಹೋಯಿತು.

ಕರಕ್.

ಡಾಕ್ಟರು ಬ್ರೇಕ್ ಒತ್ತಿದರು. ಏನೋ ಉರುಳಿದ ಸದ್ದು, ಆಮೇಲೆ ಏನೂ ಇಲ್ಲ. ಅವರ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

"ಯಾರು?" ಅಂದರು. "ಯಾರದು? ಮಗುನಾ?"

ಅದು ಏನೆಂದು ನನಗೆ ಗೊತ್ತಾಗಿತ್ತು. "ಅಲ್ಲ ಡಾಕ್ಟ್ರೇ, ಬಕೆಟ್. ಬರೀ ಬಕೆಟ್. ನಂದೇ ತಪ್ಪು." ಇಳಿದು ಓಡಿ, ಒಡೆದ ಬಕೆಟ್ಟನ್ನು ಎತ್ತಿ ತೋರಿಸಿದೆ. ಅದನ್ನು ನೋಡಿದ ಮೇಲೇ ಅವರು ಉಸಿರು ಬಿಟ್ಟದ್ದು.

ಮ್ಯಾನೇಜರ್ ಓಡಿಬಂದು ಮೊದಲು ಬಂಪರ್ ನೋಡಿದರು, ಆಮೇಲೆ ನನ್ನನ್ನು. ಡಾಕ್ಟರು ಇಳಿದರು. ಒಡೆದ ಬಕೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಇದನ್ನ ಇಲ್ಲಿ ಯಾಕೆ ಇಟ್ಟಿದ್ರಿ?"

"ಹೇ, ಅದು ತೊಳೆಯೋರು ಬಿಟ್ಟು ಹೋಗಿದಾರೆ ಮೇಡಮ್" ಅಂದರು ಮ್ಯಾನೇಜರ್.

ತೊಳೆಯುವವರ ತಲೆಗೆ ಕಟ್ಟುವುದು ನನ್ನಿಂದ ಆಗಲಿಲ್ಲ. "ಇಲ್ಲ. ನಾನೇ ಇಟ್ಟಿದ್ದು. ಈ ಗಾಡೀಲಿ ಕೂತೋರಿಗೆ ಮುಂದಿನ ನೆಲ ಕಾಣಲ್ಲ. ಎಲ್ಲರಿಗೂ ತೋರಿಸ್ತೀನಿ. ನಿಮಗೆ ಹೆದರಿಕೆ ಆಗಬಾರದು ಅಂತ ಬಿಟ್ಟೆ. ತೆಗೆಯೋಕೆ ಮರೆತೆ."

"ಅಂದ್ರೆ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

ಡಾಕ್ಟರು ಬಕೆಟ್ಟನ್ನು ನೆಲಕ್ಕಿಟ್ಟರು. ಇನ್ನು ಈ ಜನ್ಮದಲ್ಲಿ ಇವರು ಗಾಡಿ ಮುಟ್ಟುವುದಿಲ್ಲ, ಅದಕ್ಕೆ ಕಾರಣ ನಾನು ಎಂದು ನನಗೆ ಖಾತ್ರಿಯಾಯಿತು. ಮ್ಯಾನೇಜರ್ ಕಾಫಿ ತರಿಸುತ್ತೇನೆ ಎಂದರು. ಡಾಕ್ಟರು ಅವರ ಕಡೆ ತಿರುಗಲೂ ಇಲ್ಲ.

"ನಾನು ಯಾರಿಗಾದ್ರೂ ನೋಯಲ್ಲ ಅಂತ ಹೇಳಿ ನೋಯಿಸಿದ್ರೆ," ಅಂದರು ನನಗೆ, "ಅವರು ಮತ್ತೆ ಬಾಯೇ ತೆಗೆಯಲ್ಲ. ನೋಯುತ್ತೆ ಅಂತ ಹೇಳಿದ್ರೆ ತಡ್ಕೋತಾರೆ. ಈಗ ತೋರಿಸಿ. ಪೂರ್ತಿ."

ತೋರಿಸಿದೆ. ಅವರನ್ನು ಮತ್ತೆ ಸೀಟಿಗೆ ಹತ್ತಿಸಿ, ಎರಡೇ ಬಕೆಟ್ ಉಳಿದಿದ್ದರಿಂದ ನಾನೇ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತೆ. "ಕಾಣ್ತೀನಾ?" "ಇಲ್ಲ." ಹಿಂದೆ ಸರಿದೆ. "ಈಗ?" "ಇಲ್ಲ." "ಈಗ?" "ನಿಮ್ಮ ಕೂದಲಿನ ಕ್ಲಿಪ್ಪು ಕಾಣ್ತು!" ಅಷ್ಟರಲ್ಲಿ ನಾನು ಹನ್ನೆರಡು ಅಡಿ ದೂರ ಹೋಗಿದ್ದೆ. ಅವರು ಇಳಿದುಬಂದು, ಆ ಹನ್ನೆರಡು ಅಡಿಯನ್ನು ತಾವೇ ಮೂರು ಸಲ ನಡೆದು ನೋಡಿದರು.

ಆಮೇಲೆ ಮತ್ತೆ ಹತ್ತಿ, ಮುಂದಿನ ಕ್ಯಾಮೆರಾದ ಚಿತ್ರವನ್ನು ಪರದೆಯ ಮೇಲೆ ಹಾಕಿಸಿಕೊಂಡರು. ನಾನು ಆಫ್ ಮಾಡಿದ್ದ ಶಬ್ದಗಳನ್ನೆಲ್ಲ ಆನ್ ಮಾಡಿಸಿದರು.

"ಕಾಣದೇ ಇರೋ ಜಾಗದಲ್ಲಿ ಕೆಲಸ ಮಾಡೋದು ನಂಗೆ ಹೊಸದಲ್ಲ. ಕಡೇ ಹಲ್ಲನ್ನ ನೇರವಾಗಿ ನೋಡಿದೋರು ಯಾರಿದಾರೆ? ಪುಟ್ಟ ಕನ್ನಡೀಲಿ ತಲೆಕೆಳಗಾಗಿ ನೋಡ್ಕೊಂಡು ಕೊರೀತೀವಿ. ಆದ್ರೆ ಒಂದು ಮಾತು. ನೋವಾದ್ರೆ ಕೈಯೆತ್ತಿ ಅಂತ ಪೇಷಂಟ್‌ಗೆ ಮೊದಲೇ ಹೇಳಿರ್ತೀವಿ. ಈಗ ನೀವು ಪೇಷಂಟು. ಅಪಾಯ ಅನ್ನಿಸಿದ ಕೂಡ್ಲೇ ಕೈಯೆತ್ತಿ."

ಮುಕ್ಕಾಲು ಗಂಟೆ ನಾನು ಅಂಗಳದ ಬದಿಯಲ್ಲಿ ಪೇಷಂಟಾಗಿ ನಿಂತೆ. ಗೋಡೆಯವರೆಗೆ ಬರುವುದು, ನಿಲ್ಲಿಸುವುದು, ಹಿಂದೆ ಹೋಗುವುದು. ಮೊದಲು ಹನ್ನೊಂದು ಸಲ ಕೈಯೆತ್ತಿದೆ, ಕೊನೆಕೊನೆಗೆ ಎರಡೇ ಸಲ; ಅದರಲ್ಲಿ ಒಂದು ನೊಣ ಓಡಿಸಲು. "ಸುಳ್ಳು ಸುಳ್ಳೇ ಕೈಯೆತ್ತೋ ಪೇಷಂಟ್‌ಗಳೂ ಇರ್ತಾರೆ!" ಎಂದು ಕಿಟಕಿಯಿಂದ ಬೈದರು.

ಹನ್ನೊಂದೂವರೆಗೆ ನಾವು ರಸ್ತೆಗಿಳಿದೆವು. ಯಾವ ಕಡೆ ಎಂದು ನಾನು ಕೇಳಲಿಲ್ಲ. ಅವರು ಸೀದಾ ಆ ಸರ್ಕಲ್ಲಿಗೆ ಹೊರಟರು.

ಸಿಗ್ನಲ್ ಕೆಂಪಿತ್ತು. ಎಡಪಕ್ಕದಲ್ಲಿ ಇಟ್ಟಿಗೆ ತುಂಬಿದ ಲಾರಿಯೊಂದು ಬಂದು ನಿಂತಿತು. ಡಾಕ್ಟರ ಉಸಿರು ಮೇಲೆ ಕೆಳಗೆ ಆಗುವುದು ನನಗೆ ಕೇಳಿಸುತ್ತಿತ್ತು. ಅವರು ಮೆಲ್ಲಗೆ ತಲೆ ತಿರುಗಿಸಿದರು. ಲಾರಿಯ ಡ್ರೈವರ್ ಹೆಚ್ಚುಕಡಿಮೆ ಅವರ ಕಣ್ಣಿನ ಮಟ್ಟಕ್ಕೇ ಇದ್ದ. ಬಾಯಲ್ಲಿ ಪೆನ್ಸಿಲ್ ಕಚ್ಚಿಕೊಂಡು ಯಾವುದೋ ಚೀಟಿ ಹುಡುಕುತ್ತಿದ್ದವನು ಇವರನ್ನು ನೋಡಿ ತಲೆಯಾಡಿಸಿದ. ಇವರೂ ತಲೆಯಾಡಿಸಿದರು.

"ಅವತ್ತು ನಂಗೆ ಬರೀ ಚಕ್ರ ಕಂಡಿತ್ತು" ಅಂದರು ಸಣ್ಣ ದನಿಯಲ್ಲಿ. "ಮೇಲೆ ಮನುಷ್ಯ ಇರ್ತಾನೆ ಅಂತಾನೇ ಅನ್ನಿಸಿರ್ಲಿಲ್ಲ."

ಆಗ ಕೀಂಕೀಂ ಶುರುವಾಯಿತು. ಬಲಗಡೆಯಿಂದ ನಮ್ಮ ಮುಂದಿನ ಸಂದಿಗೆ ಒಂದು ಪುಟ್ಟ ಹಳದಿ ಕಾರು ನುಸುಳಿಬಂದು ನಿಂತಿತ್ತು. ಬಾನೆಟ್ಟಿನಾಚೆ ಅದರ ಛಾವಣಿ, ಹಿಂದಿನ ಗಾಜಿನ ಮೇಲಂಚು ಮಾತ್ರ ಕಾಣುತ್ತಿತ್ತು. ಡಾಕ್ಟರು ಪರದೆ ನೋಡಿದರು. ಅದರಲ್ಲಿ ಹಳದಿ ಕಾರಿನ ಹೆಂಗಸು ತನ್ನ ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದಳು, ಎರಡು ಕೈಯಲ್ಲೂ ಸ್ಟೇರಿಂಗ್ ಬಿಗಿಹಿಡಿದು.

ಹಸಿರು ಬಿತ್ತು. ಡಾಕ್ಟರು ಹೊರಡಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು. "ಹೊಡ್ಕೊಳ್ಲಿ" ಅಂದರು ಡಾಕ್ಟರು. ಹಳದಿ ಕಾರು ಪೂರ್ತಿ ದೂರ ಹೋಗಿ, ಚಕ್ರ ಸಹಿತ ಕಣ್ಣಿಗೆ ಬಿದ್ದ ಮೇಲೆ ಬ್ರೇಕಿನಿಂದ ಕಾಲೆತ್ತಿದರು. ಸರ್ಕಲ್ ದಾಟಿದೆವು. ಎಷ್ಟು ಸುಲಭವಾಗಿ ದಾಟಿದೆವೆಂದರೆ, ದಾಟಿದ್ದು ನನಗೆ ಗೊತ್ತಾದದ್ದು ಆಮೇಲೆ.

ಎರಡು ಬೀದಿ ಮುಂದೆ ಮರದ ನೆರಳಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿದರು. ಬೆವರೊರೆಸಿಕೊಂಡರು. ಮುಂದೇನು ಹೇಳುತ್ತಾರೆಂಬುದು ಅವರ ಮುಖದಲ್ಲೇ ಇತ್ತು.

"ತುಂಬಾ ಚೆನ್ನಾಗಿದೆ ಇದು. ಸುಳ್ಳಲ್ಲ. ಇಳಿಯೋಕೇ ಮನಸ್ಸಿಲ್ಲ." ಸೀಟಿನ ಚರ್ಮವನ್ನು ಒಮ್ಮೆ ಸವರಿದರು. "ಆದ್ರೆ ಅವಳು ನನ್ನ ಹೇಗೆ ನೋಡಿದ್ಲು ಗೊತ್ತಾ? ನಾನು ಆ ಲಾರೀನ ನೋಡ್ದಂಗೆ. ನಮ್ಮ ಕ್ಲಿನಿಕ್ ಬಾಗಿಲಲ್ಲಿ ದಿನಾ ಮಕ್ಕಳು ಓಡಾಡ್ತಿರ್ತವೆ. ಅವುಗಳ ಮುಂದೆ ಇದನ್ನ ತಂದು ನಿಲ್ಸೋಕೆ ನನ್ನ ಕೈಲಾಗಲ್ಲ. ನೆಲ ಕಾಣೋ ಗಾಡಿ ನಿಮ್ಮಲ್ಲಿ ಇದ್ಯಾ?"

"ಇದೆ ಡಾಕ್ಟ್ರೇ. ಗಾಜಿನ ಹತ್ತಿರ ಇಟ್ಟಿಲ್ಲ ಅಷ್ಟೆ. ಹಿಂದಿನ ಸಾಲಲ್ಲಿದೆ."

"ನಿಮ್ಮ ಮ್ಯಾನೇಜರ್ ನಿಮ್ಮನ್ನ ಬೈತಾರಾ?"

"ಬೈತಾರೆ."

"ಕೆಲಸದಿಂದ ತೆಗೀತಾರಾ?"

ಅದನ್ನೇ ನಾನೂ ಯೋಚಿಸುತ್ತಿದ್ದೆ. ಆದರೆ ಬೆಳಿಗ್ಗೆಯಿಂದ ಜಗಳವಾಡುತ್ತಿದ್ದ ಎರಡು ಮನಸ್ಸುಗಳೂ ಯಾಕೋ ಸುಮ್ಮನಾಗಿದ್ದವು. "ಗೊತ್ತಿಲ್ಲ" ಅಂದೆ. "ತೆಗೆದ್ರೆ ತೆಗೀಲಿ. ನಾಳೆಯಿಂದ ಮತ್ತೆ ಬಕೆಟ್ ಇಡ್ತೀನಿ ಅಂತ ಹೇಳೇ ಹೇಳ್ತೀನಿ."

"ಹೇಳಿ. ನಾನೂ ಪಕ್ಕದಲ್ಲಿ ನಿಂತಿರ್ತೀನಿ." ಅವರು ಫೋನನ್ನು ಸ್ಪೀಕರಿಗೆ ಹಾಕಿ ಅಣ್ಣನಿಗೆ ಕರೆ ಮಾಡಿದರು. ಆ ಕಡೆ ಸುತ್ತಿಗೆಯ ಸದ್ದು, ಯಾರೋ ಕೂಗಾಡುವುದು.

"ಅಣ್ಣಾ, ಈ ಗಾಡಿ ನಂಗೆ ಬೇಡ."

"ಹೆದರ್ಕೊಂಡ್ಯಾ?" ಅಣ್ಣನ ದನಿ ಇಳಿದುಹೋಯಿತು. "ಹೋಗ್ಲಿ ಬಿಡು. ಎಲ್ಲಿದೀಯ? ಅಲ್ಲೇ ಇರು, ಬರ್ತೀನಿ ಕರ್ಕೊಂಡು ಹೋಗೋಕೆ."

"ಸರ್ಕಲ್ ದಾಟಿ ಎರಡು ಬೀದಿ ಮುಂದೆ ಇದೀನಿ."

"ಯಾರು ಓಡಿಸಿದ್ದು?"

"ನಾನು."

ಸುತ್ತಿಗೆಯ ಸದ್ದು ದೂರವಾಯಿತು. ಅಣ್ಣ ಬಹುಶಃ ಎಲ್ಲೋ ಮೂಲೆಗೆ ನಡೆದು ಹೋಗಿದ್ದರು.

"ಸರ್ಕಲ್ ಮೇಲಿಂದನಾ? ಸುತ್ತು ಹಾಕ್ಕೊಂಡಲ್ಲ?"

"ಮೇಲಿಂದನೇ. ಈಗ ವಾಪಸ್ಸೂ ಅದೇ ದಾರೀಲಿ ಹೋಗ್ತೀನಿ. ಇದನ್ನ ಬಿಟ್ಟು, ಸಣ್ಣದೊಂದನ್ನ ನೋಡ್ತೀನಿ. ಸಿಟ್ಟು ಮಾಡ್ಕೋಬೇಡ."

"ಸಿಟ್ಟು ಯಾಕೆ ಬರುತ್ತೇ, ಹುಚ್ಚಿ" ಅಂದರು ಅಣ್ಣ. "ಹಾಗಾದ್ರೆ ನಾಳೆ ಬೆಳಿಗ್ಗೆ ನಾನು ಬರೋದು ಬೇಡ್ವಾ?"

"ಬೇಡ. ಒಂದು ಗಂಟೆ ಜಾಸ್ತಿ ಮಲಕ್ಕೋ."

ಫೋನ್ ಇಟ್ಟು ಡಾಕ್ಟರು ಕಣ್ಣೊರೆಸಿಕೊಂಡರು. ಆಮೇಲೆ ಮೂರೂ ಕನ್ನಡಿ ನೋಡಿ, ಪರದೆ ನೋಡಿ, ಅದೂ ಸಾಲದೆಂದು ಇಳಿದು ಗಾಡಿಯ ಮುಂದೆ ಒಂದು ಸುತ್ತು ನಡೆದುಬಂದು, ಎಂಜಿನ್ ಶುರುಮಾಡಿದರು.